ಗೂಟದ ಪಕ್ಕದ ಎರಡನೆಯ ಕಯಾಕ್

ಇಂಥ ಸಂಗತಿಗಳಲ್ಲಿ ನನಗೆ ನಂಬಿಕೆ ಇರಲಿಲ್ಲ. ಮೊದಲೇ ಹೇಳಿಬಿಡುತ್ತೇನೆ. ನಾನು ಗವಿಪುರದಲ್ಲಿ ಹುಟ್ಟಿ ಬೆಳೆದವನು. ಕರೆಂಟು ಹೋದ ಸಂಜೆಗಳಲ್ಲಿ ನಮ್ಮ ಬೀದಿಯ ಹೆಂಗಸರು ಮೆಟ್ಟಿಲ ಮೇಲೆ ಕೂತು, ಸತ್ತವರು ಬಂದು ನೀರು ಕೇಳಿದ ಕಥೆಗಳನ್ನು ಹೇಳುತ್ತಿದ್ದರೆ, ಅಪ್ಪ ಒಳಗಿನಿಂದಲೇ ರೇಗುತ್ತಿದ್ದರು. ಬುದ್ಧನ ಪಟ ಒಂದನ್ನು ಬಿಟ್ಟರೆ ಗೋಡೆಗೆ ಬೇರೇನನ್ನೂ ಹಾಕದ ಮನುಷ್ಯ ಅವರು. ನಾನು ಸಿವಿಲ್ ಎಂಜಿನಿಯರಿಂಗ್ ಓದಿ ಸರ್ವೆ ಕೆಲಸಕ್ಕೆ ಸೇರಿದೆ. ದೂರದಲ್ಲಿರುವುದನ್ನು ಇದ್ದ ಹಾಗೆ ನೋಡುವುದಕ್ಕೇ ನನಗೆ ಸಂಬಳ ಬರುತ್ತದೆ. ಹಾಗಾಗಿ ಯಾರಾದರೂ "ನನಗೊಂದು ಸಲ ಏನಾಯ್ತು ಗೊತ್ತಾ" ಎಂದು ದನಿ ತಗ್ಗಿಸಿದರೆ ನಾನು ನಕ್ಕು ಮಾತು ಬದಲಿಸುತ್ತಿದ್ದೆ. ಈಗ ನಗುವುದಿಲ್ಲ. ಏನಾಯಿತೋ ಅದನ್ನು ಇದ್ದ ಹಾಗೆ ಬರೆಯುತ್ತೇನೆ.

ನನ್ನ ಅಕ್ಕನ ಗಂಡ ಗಂಗಾಧರ ಭಾವ ಚಾಮರಾಜಪೇಟೆಯಲ್ಲಿ ಪುಸ್ತಕ ಬೈಂಡಿಂಗ್ ಅಂಗಡಿ ಇಟ್ಟವರು. ದಾರ ಎಳೆದು ಎಳೆದು ಅವರ ಬೆರಳುಗಳು ಗಟ್ಟಿಯಾಗಿದ್ದವು. ಅವರು ಏನನ್ನಾದರೂ ಕಟ್ಟಿದರೆ ಇನ್ನೊಬ್ಬರು ಬಿಚ್ಚುವುದು ಕಷ್ಟ. ಅವರಿಗಿದ್ದ ಒಂದೇ ಹುಚ್ಚು ಮೀನು ಹಿಡಿಯುವುದು. ಭಾನುವಾರ ಬೆಳಕು ಹರಿಯುವ ಮುಂಚೆಯೇ ನನ್ನನ್ನೂ ನನ್ನ ಕಾಲೇಜಿನ ಗೆಳೆಯ ಮಂಜುವನ್ನೂ ಎಬ್ಬಿಸಿಕೊಂಡು ಊರಾಚೆಯ ಕೆರೆಗಳಿಗೆ ಹೊರಡುತ್ತಿದ್ದರು. ಅಲ್ಲಿ ಅವರದೊಂದು ಪದ್ಧತಿಯಿತ್ತು. ತೆಪ್ಪವನ್ನು ನೀರಿನಲ್ಲಿ ನಿಂತ ಒಣಮರದ ಬೊಡ್ಡೆಗೆ ಗೇಣು ಹಗ್ಗವೂ ಸಡಿಲ ಬಿಡದಂತೆ ಬಿಗಿದು ಕಟ್ಟುವುದು. "ತೆಪ್ಪ ಅಲ್ಲಾಡಿದ್ರೆ ಮೀನು ಹತ್ರ ಸುಳಿಯಲ್ಲ ಕಣ್ರೋ" ಎನ್ನುತ್ತಿದ್ದರು. ನಾವೂ ಅದನ್ನೇ ಕಲಿತೆವು.

ಭಾವನಿಗೆ ಹೃದಯದ ತೊಂದರೆಯಾಗಿ ಸ್ಟೆಂಟ್ ಹಾಕಿದ ಮೇಲೆ ಎಲ್ಲವೂ ನಿಂತಿತು. ಅಂಗಡಿಯಲ್ಲಿ ಸುಮ್ಮನೆ ಕೂತಿರುತ್ತಿದ್ದರು. ಡಾಕ್ಟರು ಇನ್ನು ಓಡಾಡಬಹುದು ಎಂದಾಗ, ಅವರ ಮುಖದಲ್ಲಿ ಸ್ವಲ್ಪ ಗೆಲುವು ಬರಲಿ ಎಂದು ಮಂಜು ಒಂದು ಪ್ರವಾಸ ಗೊತ್ತುಮಾಡಿದ. ಕರಾವಳಿಯಲ್ಲಿ ಒಂದು ನದಿ, ಸಮುದ್ರ ಸೇರುವ ಮುಂಚೆ ಅಗಲವಾಗಿ ಹರಡಿಕೊಂಡಿರುವ ಜಾಗ. ಅಲ್ಲಿ ಕಯಾಕಿನಲ್ಲಿ ಕೂರಿಸಿ ಮೀನು ಹಿಡಿಯಲು ಕರೆದೊಯ್ಯುತ್ತಾರೆ. ಕಯಾಕ್ ಎಂದರೆ ಒಬ್ಬರೇ ಕೂರುವ, ಕಿರಿದಾದ ಪ್ಲಾಸ್ಟಿಕ್ ದೋಣಿ. ಊರಿನ ಹೆಸರು ಬೇಡ. ಅಲ್ಲಿಯವರ ತಪ್ಪೇನೂ ಇರಲಿಲ್ಲ.

ಹೊರಡುವಾಗ ಅಕ್ಕ ಬಾಗಿಲಲ್ಲಿ ನನ್ನ ತೋಳು ಹಿಡಿದುಕೊಂಡಳು. "ಅವರಿಗೆ ಈಜು ಬರಲ್ಲ, ಗೊತ್ತಲ್ಲ? ಒಬ್ಬರನ್ನೇ ಬಿಡ್ಬೇಡ ಕಣೋ."

"ನಿನ್ನ ತಮ್ಮನ್ನ ನಾನೇ ನೋಡ್ಕೋಬೇಕು ಕಣೇ" ಎಂದರು ಭಾವ, ಚಪ್ಪಲಿ ಮೆಟ್ಟುತ್ತಾ. "ಗಾಳಕ್ಕೆ ಹುಳ ಚುಚ್ಚೋಕೂ ಅಸಹ್ಯ ಪಡ್ತಾನೆ, ಸರ್ಕಾರಿ ಸಾಹೇಬ."

ನದಿಗೆ ಇಳಿದಾಗ ಹೊತ್ತು ಸಾಕಷ್ಟು ಏರಿತ್ತು. ನೀರು ಇಳಿದು ಅಂಚಿನ ಕೆಸರು ಕಾಣುತ್ತಿತ್ತು. ನಮ್ಮನ್ನು ಕರೆದೊಯ್ದ ಶೇಖರ ಅದೇ ದಡದಲ್ಲಿ ಹುಟ್ಟಿದವನು. ಹುಟ್ಟು ಹಾಕುವುದನ್ನು ಹೇಳಿಕೊಟ್ಟ. ದೂರದಿಂದ ಕೂಗಿದರೆ ಕೇಳಿಸುವುದಿಲ್ಲ, ಹುಟ್ಟನ್ನು ನೇರವಾಗಿ ಮೇಲಕ್ಕೆ ಎತ್ತಿ ಹಿಡಿದರೆ "ಎಲ್ಲ ಸರಿಯಾ?" ಎಂದರ್ಥ, ಆ ಕಡೆಯವರೂ ಹಾಗೇ ಎತ್ತಿದರೆ "ಸರಿ ಇದೆ" ಎಂದರ್ಥ ಎಂದು ತೋರಿಸಿದ. ಮಧ್ಯಾಹ್ನದ ಮೇಲೆ ಸಮುದ್ರದ ನೀರು ಒಳಗೆ ಬರುತ್ತದೆ, ನದಿ ಏರುತ್ತದೆ ಎಂದೂ ಹೇಳಿದ. ಗೂಟಕ್ಕೆ ಕಟ್ಟಬೇಡಿ ಎಂದು ಮಾತ್ರ ಹೇಳಲಿಲ್ಲ. ಯಾರಾದರೂ ಕಟ್ಟಿಯಾರು ಎಂದು ಅವನಿಗೆ ಹೊಳೆಯುವುದಾದರೂ ಹೇಗೆ?

ಹೊಳೆಯ ನಡುವೆ ಬಲೆ ಕಟ್ಟುವ ಹಳೆಯ ಗೂಟವೊಂದು ನಿಂತಿತ್ತು. ಭಾವ ನೇರವಾಗಿ ಅಲ್ಲಿಗೇ ಹೋಗಿ ಕಯಾಕಿನ ಮೂತಿಯನ್ನು ಅದಕ್ಕೆ ಬಿಗಿದು ಕಟ್ಟಿದರು. ನಾನು ಪಕ್ಕದಲ್ಲೇ ಇದ್ದೆ. ಚೆನ್ನಾಗಿ ಕಟ್ಟಿದರು ಎಂದೇ ನನಗೂ ಅನ್ನಿಸಿತು. ಕೆರೆಯಲ್ಲಿ ನೀರು ಏರುವುದನ್ನು ನಾವು ಯಾವತ್ತೂ ಕಂಡವರಲ್ಲ. ಸೆಕೆ ಎಂದು ಅವರು ಲೈಫ್ ಜಾಕೆಟ್ ಬಿಚ್ಚಿ ಬೆನ್ನ ಹಿಂದೆ ದಿಂಬಿನಂತೆ ಇಟ್ಟುಕೊಂಡರು. "ಹಾಕ್ಕೊಳ್ಳಿ ಭಾವ" ಎಂದೆ. "ಹಾಕ್ಕೋತೀನಿ ಹೋಗಪ್ಪ, ನಿನ್ನಕ್ಕನ ದನಿ ನಿನ್ನ ಬಾಯಲ್ಲಿ ಬರ್ತಿದೆ" ಎಂದು ಓಡಿಸಿದರು.

ನಾನು ಸ್ವಲ್ಪ ಕೆಳಗೆ, ಕಾಂಡ್ಲಾ ಗಿಡಗಳು ನೀರಿಗೆ ಬೇರು ಬಿಟ್ಟ ಕಡೆ ಹೋದೆ. ಅಲ್ಲಿಂದ ಭಾವ ಚೆನ್ನಾಗಿ ಕಾಣುತ್ತಿದ್ದರು. ಮಂಜು ಮೇಲುಗಡೆ ತಿರುವಿನಲ್ಲಿದ್ದ. ಅವನ ದಾರ ಪದೇ ಪದೇ ಸಿಕ್ಕುಬೀಳುತ್ತಿದ್ದುದರಿಂದ ಶೇಖರ ಅವನ ಜೊತೆಯಲ್ಲೇ ಉಳಿದ. ಅವರಿಬ್ಬರು ನನಗೆ ಕಾಣುತ್ತಿರಲಿಲ್ಲ, ನಾನು ಅವರಿಗೆ ಕಾಣುತ್ತಿರಲಿಲ್ಲ. ಎರಡೂ ಕಡೆಗೆ ಕಾಣುತ್ತಿದ್ದದ್ದು ನಡುವಿನ ಗೂಟ ಒಂದೇ.

ಮಧ್ಯಾಹ್ನ ದಾಟಿತು. ನೀರು ಸದ್ದಿಲ್ಲದೆ ತಿರುಗಿ ಒಳಗೆ ಬರತೊಡಗಿತ್ತು. ನನಗೆ ಒಂದು ಕೆಂಬೇರಿ ಬಿತ್ತು, ಜೀವನದಲ್ಲಿ ನಾನು ಹಿಡಿದ ಅತಿ ದೊಡ್ಡ ಮೀನು. ಅದನ್ನು ಎಳೆದು ಹಾಕಿ, ಕೈ ತೊಳೆದು, ಭಾವನ ಕಡೆ ನೋಡಿದೆ. ಅವರ ಕಯಾಕಿಗೆ ಒತ್ತಿಕೊಂಡು ಇನ್ನೊಂದು ಕಯಾಕ್ ನಿಂತಿತ್ತು. ಅದರಲ್ಲಿದ್ದವನು ಭಾವನ ಕಡೆಗೆ ಬಾಗಿದ್ದ. ನೀರಿನ ಮೇಲೆ ಬಿಸಿಲು ಬಿದ್ದು ಬಣ್ಣ ತಿಳಿಯುತ್ತಿರಲಿಲ್ಲ, ಆಕಾರ ಸ್ಪಷ್ಟವಾಗಿತ್ತು. ಶೇಖರ ಬಂದಿದ್ದಾನೆ ಎಂದುಕೊಂಡೆ. ಆದರೂ ಹುಟ್ಟನ್ನು ಮೇಲೆತ್ತಿ ಹಿಡಿದೆ. ಬಾಗಿದ್ದವನು ನೆಟ್ಟಗಾದ. ನನ್ನ ಕಡೆ ತಿರುಗಿ ತನ್ನ ಹುಟ್ಟನ್ನು ನೇರವಾಗಿ ಎತ್ತಿದ. ಎಲ್ಲ ಸರಿ ಇದೆ.

ನಾನು ಮತ್ತೆ ಗಾಳ ಎಸೆದೆ. ಅಷ್ಟು ನೆಮ್ಮದಿಯಾಗಿ ನಾನು ಯಾವತ್ತೂ ಕೂತಿರಲಿಲ್ಲ. ಇನ್ನೊಮ್ಮೆ ತಿರುಗಿ ನೋಡಿದಾಗಲೂ ಎರಡು ಕಯಾಕ್‌ಗಳಿದ್ದವು. ಮತ್ತೆ ನೋಡಿದಾಗ ಒಂದೇ ಇತ್ತು. ನನ್ನ ಮೀನು ತೋರಿಸೋಣ ಎಂದು ಆ ಕಡೆ ಹುಟ್ಟು ಹಾಕಿದೆ.

ಹತ್ತಿರ ಹೋದಾಗ ಭಾವ ಗಡಗಡ ನಡುಗುತ್ತಾ ಕೂತಿದ್ದರು. ತಲೆಯಿಂದ ನೀರು ಸುರಿಯುತ್ತಿತ್ತು. ಗಾಳದ ಕೋಲು, ಚೀಲ, ಚಪ್ಪಲಿ ಏನೂ ಇರಲಿಲ್ಲ. ಗೂಟಕ್ಕೆ ಅಂಟಿದ ಚಿಪ್ಪುಗಳು ಕೊಯ್ದು ಎರಡೂ ಅಂಗೈಗಳಿಂದ ರಕ್ತ ಬರುತ್ತಿತ್ತು. ಲೈಫ್ ಜಾಕೆಟ್ ಮೈಮೇಲಿತ್ತು, ಬಕಲ್ ಎಲ್ಲ ಸರಿಯಾಗಿ ಹಾಕಿತ್ತು. ಬಿಗಿದು ಕಟ್ಟಿದ್ದ ಹಗ್ಗ ಈಗ ಮಾರುದ್ದ ಸಡಿಲವಾಗಿ ಗೂಟದ ತಲೆಯ ಹತ್ತಿರ ಕಟ್ಟಿತ್ತು.

"ಎಲ್ಲೋ ಹೋಗಿದ್ದೆ?" ಎಂದರು. "ಶೇಖರನ್ನ ಕರ್ಕೊಂಡು ಈಗ್ಲೇ ಬರ್ತೀನಿ ಅಂತ ಹೋದೋನು, ಇಷ್ಟೊತ್ತಾ?"

"ಭಾವ, ನಾನೀಗ್ಲೇ ಬರ್ತಿರೋದು."

"ತಮಾಷೆ ಮಾಡ್ಬೇಡ. ಚಳಿ ಆಗ್ತಿದೆ ನಂಗೆ."

ನಾನು ಹಗ್ಗ ಬಿಚ್ಚಿದೆ. ಒಂದೇ ಎಳೆತಕ್ಕೆ ಬಿಚ್ಚಿಕೊಂಡಿತು. ಅದು ಎಂಥ ಗಂಟು, ಯಾರು ಹಾಕುವ ರೀತಿಯದು ಎಂದು ನೋಡಬೇಕಿತ್ತು. ಆಗ ಅದೆಲ್ಲ ತಲೆಗೆ ಬರಲಿಲ್ಲ. ಅವರನ್ನು ದಡ ಸೇರಿಸುವುದೊಂದೇ ಇತ್ತು.

ದಡದಲ್ಲಿ, ಆಮೇಲೆ ಆಸ್ಪತ್ರೆಗೆ ಹೋಗುವ ಕಾರಿನಲ್ಲಿ, ಅವರು ಬಿಡಿಬಿಡಿಯಾಗಿ ಹೇಳಿದ್ದು ಇಷ್ಟು. ಕೂತಲ್ಲೇ ಜೊಂಪು ಹತ್ತಿತ್ತು. ಎಚ್ಚರವಾದಾಗ ಕಯಾಕಿನ ಮೂತಿ ನೀರಿನೊಳಗೆ ಎಳೆದುಕೊಂಡು ಹೋಗಿತ್ತು. ನೀರು ಏರಿದ ಹಾಗೆ ಗಂಟು ಕೆಳಗೇ ಉಳಿದಿತ್ತು, ಹಗ್ಗ ತಂತಿಯಂತೆ ಬಿಗಿದಿತ್ತು. ತಾವೇ ಹಾಕಿದ ಗಂಟು ತಮಗೇ ಬಿಚ್ಚಲಾಗಲಿಲ್ಲ. ಮುಂದಕ್ಕೆ ಬಾಗಿದರು, ಕಯಾಕ್ ಮಗುಚಿತು. ಗೂಟ ತಬ್ಬಿಕೊಂಡರು. ಕೂಗಿದರು, ದನಿ ಹೊರಡಲಿಲ್ಲ. ಕೈ ಜಾರುತ್ತಿತ್ತು. ಆಗ ಹಿಂದಿನಿಂದ ಯಾರೋ ಕಂಕುಳಿಗೆ ಕೈ ಹಾಕಿ ಎತ್ತಿ ಹಿಡಿದರು. ಕಣ್ಣಿಗೆ ಉಪ್ಪು ನೀರು ಹೋಗಿ ಉರಿಯುತ್ತಿದ್ದರೂ ಮುಖ ಕಂಡಿತು. ನನ್ನ ಮುಖ. ನಾನು ಅವರನ್ನು ಬೈದೆನಂತೆ. "ಕೈ ಬಿಟ್ರೆ ಅಕ್ಕನಿಗೆ ನಾನೇನ್ ಹೇಳ್ಲಿ? ಹಿಡ್ಕೊಳ್ಳಿ!" ಜಾಕೆಟ್ ತೊಡಿಸಿದ್ದು, ಕಯಾಕ್ ತಿರುಗಿಸಿ ಮೇಲೆ ಎಳೆದು ಹಾಕಿದ್ದು, ಹಗ್ಗ ಸಡಿಲ ಬಿಟ್ಟು ಕಟ್ಟಿದ್ದು ಎಲ್ಲ ನಾನೇ ಅಂತೆ.

ಆಸ್ಪತ್ರೆಯಲ್ಲಿ ಮಂಜು ನನ್ನನ್ನು ಪಕ್ಕಕ್ಕೆ ಕರೆದ. "ಮಗಾ, ನೀನು ಭಾವನ ಹತ್ರ ಇದ್ದೆ ತಾನೆ? ನಾವು ನೋಡಿದ್ವಲ್ಲ. ನೀನಿದೀಯ ಅಂತಾನೇ ನಾವು ಬರಲಿಲ್ಲ."

ನಾನು ಜೊತೆಗೆ ಬಂದಿದ್ದ ಶೇಖರನ ಮುಖ ನೋಡಿದೆ. ಅವನು ತಲೆಯಾಡಿಸಿದ. "ಎರಡು ಕಯಾಕ್ ಇತ್ತು ಮಾರಾಯ್ರೆ. ನಾನೂ ಕಂಡಿದ್ದೇನೆ. ನಿಮ್ಮದೇ ಅಂದ್ಕೊಂಡೆ."

ಅವತ್ತು ಆ ನೀರಿಗೆ ಅವನು ಇಳಿಸಿದ್ದು ನಮ್ಮ ನಾಲ್ಕು ಕಯಾಕ್ ಮಾತ್ರ. ಮಾರನೆಯ ದಿನ ಅವನು ಎರಡೂ ದಡದ ಮನೆಗಳಲ್ಲಿ ವಿಚಾರಿಸಿದ. ಆ ಹೊತ್ತಿನಲ್ಲಿ ಯಾರೂ ಹೊಳೆಗೆ ಹೋಗಿರಲಿಲ್ಲ. ಹೋಗಿದ್ದರೂ, ಮುಳುಗುತ್ತಿದ್ದವರನ್ನು ಎತ್ತಿ ಕೂರಿಸಿ, ಹೇಳದೆ ಕೇಳದೆ ಯಾರು ಹೋಗುತ್ತಾರೆ?

ನಾನು ಓದಿದವನು, ಕಾರಣ ಹುಡುಕದೆ ಬಿಡಲಿಲ್ಲ. ಮಗುಚಿದ ಕಯಾಕ್ ಒಂದು, ಪಕ್ಕದಲ್ಲಿ ಭಾವನ ತಲೆ ಒಂದು, ಬಿಸಿಲಿನಲ್ಲಿ ಅದೇ ಎರಡಾಗಿ ಕಂಡಿರಬಹುದು ಎಂದು ಮಂಜು ಹೇಳುತ್ತಾನೆ. ಜೀವಭಯದಲ್ಲಿ ಮನುಷ್ಯನಿಗೆ ಎಲ್ಲಿಂದಲೋ ಶಕ್ತಿ ಬರುತ್ತದೆ, ಭಾವ ಎಲ್ಲವನ್ನೂ ತಾವೇ ಮಾಡಿಕೊಂಡು ಮರೆತಿರಬಹುದು ಎಂದು ಪರಿಚಯದ ಡಾಕ್ಟರೊಬ್ಬರು ಹೇಳಿದರು. ಇರಬಹುದು. ಆದರೆ ನಾನು ಹುಟ್ಟು ಎತ್ತಿದಾಗ ಆ ಕಡೆಯಿಂದ ಎತ್ತಿದ ಹುಟ್ಟು? ಅದನ್ನು ಯಾವ ಲೆಕ್ಕಕ್ಕೆ ಹಾಕಲಿ? ಭಾವನ ಹುಟ್ಟು ಆಗಲೇ ತೇಲಿಹೋಗಿತ್ತು. ಸಂಜೆ ಶೇಖರನಿಗೆ ಅದು ಬಹಳ ಮೇಲೆ ಕೆಸರಿನಲ್ಲಿ ಸಿಕ್ಕಿತು.

ಬೆಂಗಳೂರಿಗೆ ಬಂದ ಮೇಲೆ ನನಗೆ ಕಷ್ಟ ಶುರುವಾಯಿತು. ಅಕ್ಕ ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡು ಅತ್ತಳು. ನಾನಲ್ಲ ಎಂದೆ. ಅದು ನಿನ್ನ ದೊಡ್ಡತನ ಎಂದಳು. ಭಾವ ಅಂಗಡಿಗೆ ಬಂದವರಿಗೆಲ್ಲ, "ಇವನೇ ನೋಡಿ ನಮ್ಮ ಭಾಮೈದ" ಎಂದು ತೋರಿಸುತ್ತಿದ್ದರು. ಆ ದಾರಿಯಲ್ಲಿ ಹೋಗುವುದನ್ನೇ ಕೆಲವು ಕಾಲ ಬಿಟ್ಟೆ. ಮೀನು ಹಿಡಿದು ಸಂತೋಷದಲ್ಲಿ ಕೂತಿದ್ದವನಿಗೆ ಈ ಕೃತಜ್ಞತೆಯನ್ನು ಹೊರುವುದು ಸುಲಭವಲ್ಲ. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು ಬೇರೆ. ಆ ಕಯಾಕ್ ಕಾಣಿಸದಿದ್ದರೆ ನಾನು ಖಂಡಿತ ಅವರ ಹತ್ತಿರ ಹೋಗುತ್ತಿದ್ದೆ. ಮಂಜು, ಶೇಖರ ಕೂಡ ಹೋಗುತ್ತಿದ್ದರು. ಅದನ್ನು ಕಂಡಿದ್ದರಿಂದಲೇ ಮೂವರೂ ಕೂತಲ್ಲೇ ಕೂತೆವು. ಅದು ಅವರನ್ನು ಕಾಯಲು ಬಂದದ್ದೇ ಆದರೆ, ನಮ್ಮನ್ನು ಯಾಕೆ ದೂರ ಇಟ್ಟಿತು?

ಹೋದ ತಿಂಗಳು ಭಾವ ಮನೆಗೆ ಬಂದರು. ಕಾಫಿ ಕುಡಿದು, ಲೋಟ ಕೆಳಗಿಟ್ಟು, "ಇನ್ನೊಂದ್ಸಲ ಹೋಗ್ಬರೋಣ್ವೇನೋ?" ಎಂದರು. "ನಿನ್ನಕ್ಕ ಒಪ್ಪಿದಾಳೆ. ನೀನಿದ್ರೆ ಕಳಿಸ್ತಾಳಂತೆ."

ನಾನು ಬಾಗಿಲು ಮುಂದೆ ಮಾಡಿ ಬಂದು ಕೂತೆ. "ಭಾವ, ಅವತ್ತು ಬಂದಿದ್ದು ನಾನಲ್ಲ. ನಾನು ಕಾಂಡ್ಲಾ ಗಿಡದ ಹತ್ರ ಮೀನು ಹಿಡೀತಿದ್ದೆ. ಸತ್ಯವಾಗ್ಲೂ."

ಅವರು ತಮ್ಮ ಅಂಗೈ ತಿರುಗಿಸಿ ನೋಡಿಕೊಂಡರು. ಚಿಪ್ಪು ಕೊಯ್ದ ಗುರುತು ಇನ್ನೂ ಇದೆ. "ಗೊತ್ತು ಕಣೋ" ಎಂದರು. "ಮೊದಮೊದ್ಲು ನೀನು ಸುಳ್ಳು ಹೇಳ್ತೀಯ ಅಂದ್ಕೊಂಡಿದ್ದೆ. ಆಮೇಲೆ ಗೊತ್ತಾಯ್ತು. ನೀನು ಆಮೇಲೆ ಬಂದಾಗ ನಿನ್ನ ಬಟ್ಟೆ ಒಂಚೂರೂ ನೆನೆದಿರಲಿಲ್ಲ. ಆದ್ರೆ ನಿನ್ನಕ್ಕನಿಗೆ ಹೇಳ್ಬೇಡ. ನೀನು ಅಂತ ಇದ್ರೆ ಅವಳು ನಿದ್ದೆ ಮಾಡ್ತಾಳೆ." ಲೋಟ ಪಕ್ಕಕ್ಕೆ ಸರಿಸಿ, "ಮುಖ ಮಾತ್ರ ನಿಂದೇ. ಸ್ವಲ್ಪ ವಯಸ್ಸಾದ ಹಾಗಿತ್ತು, ಅಷ್ಟೆ" ಎಂದರು.

ನಾನಿನ್ನೂ ಹೋಗೋಣ ಎಂದೂ ಹೇಳಿಲ್ಲ, ಬೇಡ ಎಂದೂ ಹೇಳಿಲ್ಲ. ಭಾವನ ಉತ್ಸಾಹ ನೋಡಿದರೆ ಬೇಡ ಎನ್ನಲು ಬಾಯಿ ಬರುವುದಿಲ್ಲ. ಮಂಜು ಎರಡು ಸಲ ಫೋನ್ ಮಾಡಿ ಕೇಳಿದ್ದಾನೆ. ಹೋದರೆ ಭಾವನ ಪಕ್ಕ ಬಿಟ್ಟು ಅಲ್ಲಾಡುವುದಿಲ್ಲ, ಅದು ಖಂಡಿತ. ಆದರೆ ಅವರ ಕಯಾಕಿಗೆ ನನ್ನ ಕಯಾಕ್ ಒತ್ತಿಕೊಂಡು ನಿಂತಾಗ, ಅವತ್ತು ನಾನು ಕೂತಿದ್ದ ಆ ಗಿಡಗಳ ಕಡೆಯಿಂದ ಯಾರೋ ಹುಟ್ಟು ಎತ್ತಿ, ಎಲ್ಲ ಸರಿಯಾ ಎಂದು ಕೇಳಿದರೆ, ನಾನು ಏನು ಹೇಳಲಿ?