ದಿಬ್ಬ ದಾಟಿದ ಮೇಲೆ ಎಡ

ನಾನು ನನ್ನ ಗಂಡನನ್ನು ಸೋಲಿಸಿದ್ದು ಒಂದೇ ಸಲ. ಭದ್ರಾವತಿಯ ಹೊರಗೆ ನೀರು ಒಣಗಿದ್ದ ಒಂದು ಕೆರೆಯಂಗಳದಲ್ಲಿ, ಭಾನುವಾರ ಬೆಳಿಗ್ಗೆ. ಸೋಲಿಸಬೇಕೆಂದು ಹೊರಟವಳಲ್ಲ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಅವರದು ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ಗ್ಯಾರೇಜು, ನಮ್ಮ ಮನೆ ಗೋಪಾಳದಲ್ಲಿ. ಆಗ ಸುತ್ತಲಿನ ನಾಲ್ಕೈದು ಜಿಲ್ಲೆಗಳಿಗೆಲ್ಲ ಸೇರಿ ಒಂದು ಕಾರ್ ರೇಸ್ ಚಾಂಪಿಯನ್‌ಶಿಪ್ ನಡೆಯುತ್ತಿತ್ತು. ವರ್ಷಕ್ಕೆ ಮೂರು ಸುತ್ತು. ಮೊದಲೆರಡು ಮಣ್ಣಿನ ಟ್ರ್ಯಾಕಿನಲ್ಲಿ, ಕೊನೆಯದು ಕಾಫಿ ಎಸ್ಟೇಟಿನ ರಸ್ತೆಗಳಲ್ಲಿ. ಎಂಟು ನೂರು ಸಿಸಿಯ ಒಂದು ಚಿಕ್ಕ ಕಾರಿನ ಹಿಂದಿನ ಸೀಟು ಕಿತ್ತು, ಒಳಗೆ ಕಬ್ಬಿಣದ ಪೈಪು ಬೆಸೆದು, ನನ್ನ ಗಂಡ ಅದರಲ್ಲಿ ಎರಡು ವರ್ಷ ಸತತವಾಗಿ ಕಪ್ ಗೆದ್ದಿದ್ದರು. ಗ್ಯಾರೇಜಿಗೆ ಬಂದವರೆಲ್ಲ ಅವರನ್ನು ಚಾಂಪಿಯನ್ ಅಂತಲೇ ಕರೆಯುತ್ತಿದ್ದರು.

ನನಗೆ ಡ್ರೈವಿಂಗ್ ಕಲಿಸಿದ್ದು ನನ್ನಪ್ಪ. ಅವರು ಭದ್ರಾವತಿಯ ಒಂದು ಕಾರ್ಖಾನೆಯ ಆಂಬುಲೆನ್ಸ್ ಓಡಿಸುತ್ತಿದ್ದವರು. ರಜೆಯ ದಿನ ಕ್ವಾರ್ಟರ್ಸಿನ ಅಗಲ ರಸ್ತೆಗಳಲ್ಲಿ ಸ್ನೇಹಿತರೊಬ್ಬರ ಜೀಪಿಗೆ ನನ್ನನ್ನು ಕೂರಿಸಿ, "ಒಳಗೆ ಮಲಗಿರೋನಿಗೆ ತಿರುವು ಬಂತು ಅಂತ ಗೊತ್ತಾಗಬಾರದು ಪುಟ್ಟೀ" ಅನ್ನುತ್ತಿದ್ದರು. ನಾನು ಕಲಿತದ್ದು ಅಷ್ಟೆ.

ಆ ಭಾನುವಾರ ನನ್ನ ಗಂಡ ಪ್ರಾಕ್ಟೀಸ್ ಮುಗಿಸಿ ಇಳಿದರು. ಟಯರ್ ಅಂಗಡಿ ಇಟ್ಟಿದ್ದ ಅವರ ಗೆಳೆಯ ಸ್ಟಾಪ್‌ವಾಚ್ ಹಿಡಿದು ನಿಂತಿದ್ದ. "ಅತ್ಗೆ, ನೀವೂ ಒಂದು ರೌಂಡ್ ಹೋಗ್ಬನ್ನಿ, ಮಜಾ ಇರತ್ತೆ" ಅಂದ. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹತ್ತಿದೆ. ಒಂದು ಸುತ್ತು ಬಂದು ನಿಲ್ಲಿಸಿದಾಗ ಆ ಗೆಳೆಯ ವಾಚನ್ನು ಎರಡು ಸಲ ನೋಡಿ, ಬಿದ್ದು ಬಿದ್ದು ನಕ್ಕ.

"ಚಾಂಪಿಯನ್ನು ಯಾರು ಅಂತ ಗೊತ್ತಾಯ್ತಲ್ಲ ಮಾರಾಯ! ನಿನಗಿಂತ ಮೂರು ಸೆಕೆಂಡ್ ಕಮ್ಮಿ!"

ನನ್ನ ಗಂಡನೂ ನಕ್ಕರು. "ಈ ಸಲ ಲೇಡೀಸ್ ಕ್ಲಾಸಿಗೆ ಇವಳ ಹೆಸರೂ ಕೊಟ್ಬಿಡ್ತೀನಿ" ಅಂದರು. ನನಗೆ ಆ ವಾರವಿಡೀ ನಿದ್ದೆ ಸರಿಯಾಗಿ ಬರಲಿಲ್ಲ, ಅಷ್ಟು ಖುಷಿ. ಚೂಡಿದಾರ್ ಹೊಲಿಸಿಕೊಂಡೆ.

ರೇಸಿನ ದಿನ ಅಪ್ಪ ತಮ್ಮ ಹಳೆಯ ಸಹೋದ್ಯೋಗಿಗಳನ್ನೆಲ್ಲ ಕಟ್ಟಿಕೊಂಡು ಬಂದು ಹಗ್ಗದ ಆಚೆ ಮುಂದಿನ ಸಾಲಿನಲ್ಲೇ ನಿಂತಿದ್ದರು. ಬಾವುಟ ಬಿತ್ತು. ಪೆಡಲ್ ಒತ್ತಿದೆ. ಕಾರು ಎಳೆಯಲೇ ಇಲ್ಲ. ಪೆಡಲ್ ಅರ್ಧದಲ್ಲೇ ನಿಂತುಬಿಡುತ್ತಿತ್ತು. ನನ್ನ ಕಾಲೇ ಹೆದರಿ ಒತ್ತುತ್ತಿಲ್ಲ ಎಂದುಕೊಂಡು ಇನ್ನೂ ಬಲ ಹಾಕಿದೆ. ನನ್ನ ಹಿಂದೆ ಹೊರಟವಳೂ ಧೂಳೆಬ್ಬಿಸಿಕೊಂಡು ನನ್ನನ್ನು ದಾಟಿ ಹೋದಳು. ಜನ ಶಿಳ್ಳೆ ಹಾಕಿದರು. "ಅಡುಗೆಮನೆ ಆ ಕಡೆ ಅಕ್ಕಾ" ಎಂದು ಯಾರೋ ಕೂಗಿದರು. ಎಲ್ಲರಿಗಿಂತ ಕೊನೆಯವಳಾಗಿ ಬಂದೆ. ಅಪ್ಪ ನನ್ನ ಹತ್ತಿರ ಬರದೆ, ಜೊತೆಯವರನ್ನು ಕರೆದುಕೊಂಡು ಬಸ್‌ಸ್ಟಾಪಿನ ಕಡೆ ಹೊರಟರು.

ನನ್ನ ಗಂಡ ಬಾನೆಟ್ ಎತ್ತಿದರು. ಗೆಳೆಯರೆಲ್ಲ ಸುತ್ತ ನಿಂತಿದ್ದಾಗಲೇ ಕಾರ್ಬುರೇಟರಿನ ಲಿವರಿಗೆ ಸುತ್ತಿದ್ದ ಒಂದು ತುಂಡು ತಂತಿಯನ್ನು ಬಿಚ್ಚಿ ಎತ್ತಿ ತೋರಿಸಿದರು. ಎಷ್ಟು ಒತ್ತಿದರೂ ಲಿವರ್ ಪೂರ್ತಿ ತೆರೆಯದಂತೆ, ಎಂಜಿನ್ನಿಗೆ ಪೆಟ್ರೋಲು ಸಾಲದಂತೆ ಅದನ್ನು ಬಿಗಿಯಲಾಗಿತ್ತು.

"ಇದನ್ನ ನೀವೇ ಕಟ್ಟಿದ್ರಾ?" ಅಂದೆ.

"ನಿನ್ನ ಒಳ್ಳೇದಕ್ಕೇ ಕಣೆ. ಜೋರಾಗಿ ಹೋಗಿ ಎಲ್ಲಾದ್ರೂ ಗುದ್ದಿಕೊಂಡಿದ್ರೆ?" ಅಂದು ಗೆಳೆಯರ ಕಡೆ ಕಣ್ಣು ಹೊಡೆದರು. ಎಲ್ಲರೂ ನಕ್ಕರು. ಮೂರು ಸೆಕೆಂಡ್ ಲೆಕ್ಕ ಹಾಕಿದ್ದ ಗೆಳೆಯ ಎಲ್ಲರಿಗಿಂತ ಜೋರಾಗಿ ನಕ್ಕ. ನಾನೂ ನಕ್ಕೆ.

ಎಸ್ಟೇಟಿನ ಸುತ್ತು ಬಂದದ್ದು ಒಂದೂವರೆ ತಿಂಗಳ ಮೇಲೆ. ಅದರಲ್ಲಿ ಪಕ್ಕದ ಸೀಟಿನಲ್ಲಿ ಒಬ್ಬರು ಕೂತು ದಾರಿ ಓದಬೇಕು. ಮುಂದೆ ಯಾವ ತಿರುವು, ಎಷ್ಟು ದೂರ ಎಂದು ಬರೆದುಕೊಂಡದ್ದನ್ನು ಕೂಗಿ ಹೇಳಬೇಕು. ಕಾಣದ ತಿರುವಿಗೂ ಡ್ರೈವರು ಆ ಮಾತು ನಂಬಿಕೊಂಡೇ ಸ್ಟಿಯರಿಂಗ್ ತಿರುಗಿಸುತ್ತಾನೆ. ನನ್ನ ಗಂಡನಿಗೆ ದಾರಿ ಓದುತ್ತಿದ್ದವನಿಗೆ ಆ ಸಲ ಜ್ವರ. ನೀನೇ ಬಾ ಅಂದರು. ಹಿಂದಿನ ದಿನ ಅದೇ ರಸ್ತೆಯಲ್ಲಿ ನಿಧಾನವಾಗಿ ಹೋಗುತ್ತಾ ಅವರು ಹೇಳಿದಂತೆ ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಬೆಳಿಗ್ಗೆ ಹತ್ತರ ಬಿಸಿಲು. ಅರ್ಧ ದಾರಿಯವರೆಗೆ ಚೆನ್ನಾಗಿಯೇ ಓದಿದೆ. ಅವರು "ಶಭಾಷ್" ಅಂದರು, "ಈ ಕೆಲಸ ನಿನಗೆ ಸರಿ ಕಣೆ. ಹೇಳಿ ಬರೆಸಿದ್ದನ್ನ ಓದೋದು."

ಮುಂದಿನ ಸಾಲು ನನ್ನದೇ ಅಕ್ಷರದಲ್ಲಿತ್ತು: ದಿಬ್ಬ, ದಾಟಿದ ಮೇಲೆ ಎಡ, ಟೈಟ್. ಓದಿದೆ. ಬಾಯಿ ತಪ್ಪಿತು ಎಂದು ಬೇರೆಯವರಿಗೆ ಹೇಳಬಹುದು, ಇಲ್ಲಿ ಹೇಳಲಾರೆ. ಓದಿ, ಅರ್ಥ ಮಾಡಿಕೊಂಡು, "ದಿಬ್ಬ, ಬಲ" ಎಂದು ಕೂಗಿದೆ.

ದಿಬ್ಬದ ನೆತ್ತಿಯಲ್ಲಿ ಅವರು ಬಲಕ್ಕೆ ಎಳೆದರು. ಅಲ್ಲಿ ರಸ್ತೆ ಇರಲಿಲ್ಲ. ಕಾರು ಚರಂಡಿ ಹಾರಿ, ಬಲಮಗ್ಗುಲಿನಲ್ಲೇ ಹೋಗಿ ಒಂದು ಸಿಲ್ವರ್ ಓಕ್ ಮರಕ್ಕೆ ಬಡಿಯಿತು. ನನಗೆ ಬೆಲ್ಟು ಉಜ್ಜಿದ ಗಾಯ. ಅವರ ಬಲಪಾದ ಪೆಡಲುಗಳ ನಡುವೆ ಸಿಕ್ಕಿ ಜಜ್ಜಿಹೋಗಿತ್ತು. ತಗಡು ಕತ್ತರಿಸಿ ಬಿಡಿಸುವವರೆಗೂ ಅವರು ಕಿರುಚುತ್ತಿದ್ದರು, ನಾನು ಅವರ ಕೈ ಹಿಡಿದು ಕೂತಿದ್ದೆ.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಮೂರನೆಯ ದಿನ ಅವರು ಕೇಳಿದರು.

"ಅಲ್ಲಿ ನೀನು ಏನಂದೆ?"

"ಬಲ ಅಂದೆ."

"ನೋಟ್‌ಬುಕ್ಕಲ್ಲಿ?"

"ಎಡ ಇತ್ತು."

"ತಪ್ಪು ಓದ್ದೆ, ಅಲ್ವಾ?"

"ಇಲ್ಲರೀ. ಸರಿಯಾಗೇ ಓದಿದೆ."

ಅವರು ಬೈಯುತ್ತಾರೆ, ಕೈಗೆ ಸಿಕ್ಕಿದ್ದನ್ನು ಎಸೆಯುತ್ತಾರೆ ಎಂದು ಕಾದೆ. ಅಷ್ಟರಲ್ಲಿ ಅಪ್ಪ ಗಂಜಿಯ ಕ್ಯಾರಿಯರ್ ಹಿಡಿದು ವಾರ್ಡಿಗೆ ಬಂದರು. ನನ್ನ ಗಂಡ ಮುಖ ತಿರುಗಿಸಿ ನಗು ತಂದುಕೊಂಡರು.

"ಮಾವ, ನಿಮ್ಮ ಮಗಳಿಗೆ ಎಡ ಯಾವುದು ಬಲ ಯಾವುದು ಅಂತಾನೇ ಗೊತ್ತಿಲ್ಲ. ಏನು ಕಲಿಸಿದ್ರಿ?"

ಆಗ ನನಗೆ ಅರ್ಥವಾಯಿತು. ಬೇಕೆಂದೇ ಕಾಲು ಮುರಿದ ಹೆಂಡತಿಗಿಂತ ಎಡಬಲ ತಿಳಿಯದ ಹೆಂಡತಿಯೇ ಅವರಿಗೆ ಸಹ್ಯ. ಅಪ್ಪ ಕ್ಯಾರಿಯರನ್ನು ಕೆಳಗಿಟ್ಟು ಕೈಮುಗಿದರು. "ತಪ್ಪು ನಂದೇ ಅಳಿಯಂದ್ರೇ. ಹೆಣ್ಣುಮಗು ಅಂತ ಮುದ್ದು ಮಾಡಿ ಕಲಿಸ್ದೆ" ಅಂದರು. ಇಪ್ಪತ್ತೆಂಟು ವರ್ಷ ಆಂಬುಲೆನ್ಸ್ ಓಡಿಸಿದ ಮನುಷ್ಯ. ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಹೇಳಿದರೆ ನನ್ನನ್ನು ಏನೆಂದುಕೊಳ್ಳುತ್ತಾರೋ ಎಂಬ ಭಯ.

ಪಾದ ಕೂಡಿಕೊಂಡರೂ ಮಡಚಲು ಬರದಂತಾಯಿತು. ರೇಸಂತೂ ಇರಲಿ, ಬ್ರೇಕ್ ಒತ್ತುವುದೂ ಅವರಿಂದ ಆಗಲಿಲ್ಲ. ಎಡಬಲದ ಕತೆಯನ್ನು ಮಾತ್ರ ಗ್ಯಾರೇಜಿಗೆ ಬಂದವರಿಗೆಲ್ಲ ಹೇಳಿದರು, ಮದುವೆಮನೆಗಳಲ್ಲಿ ಹೇಳಿದರು. ಕೇಳಿದವರಿಗೆ ನಾನೇ ಕಾಫಿ ಕೊಟ್ಟೆ. ಅವರ ಕಾಲಿನ ಬಗ್ಗೆ ನನಗೆ ಮರುಕ ಬರಲಿಲ್ಲ, ಇವತ್ತಿಗೂ ಬಂದಿಲ್ಲ.

ಎರಡು ಸಾವಿರದ ಇಸವಿಯ ಆಚೆ ಅಪ್ಪನಿಗೆ ಕಿಡ್ನಿ ಕೆಟ್ಟು ವಾರಕ್ಕೆರಡು ಸಲ ಭದ್ರಾವತಿಯಿಂದ ಶಿವಮೊಗ್ಗಕ್ಕೆ ಡಯಾಲಿಸಿಸ್‌ಗೆ ಕರೆತರಬೇಕಾಯಿತು. ನಾನೇ ಓಡಿಸುತ್ತಿದ್ದೆ. ಅಪ್ಪ ಮುಂದಿನ ಸೀಟಿನಲ್ಲಿ, ನನ್ನ ಗಂಡ ಹಿಂದೆ. ಪ್ರತಿ ತಿರುವಿಗೂ ಅಪ್ಪ ಸೂಜಿ ಚುಚ್ಚಿ ಊದಿದ್ದ ಕೈಯನ್ನು ಕಷ್ಟಪಟ್ಟು ಎತ್ತಿ ತೋರಿಸುತ್ತಿದ್ದರು.

"ಎಡಕ್ಕೆ ಪುಟ್ಟೀ... ಈ ಕಡೆ, ಈ ಕಡೆ ಎಡ."

"ಹೂಂ ಅಪ್ಪ" ಅನ್ನುತ್ತಿದ್ದೆ.

ಕನ್ನಡಿಯಲ್ಲಿ ನನ್ನ ಗಂಡನ ಮುಖ ಕಾಣುತ್ತಿತ್ತು. ಅವರೂ ಏನೂ ಹೇಳಲಿಲ್ಲ. ಏಳು ತಿಂಗಳು ಹಾಗೇ ಓಡಾಡಿದೆವು, ಆಮೇಲೆ ಅಪ್ಪ ತೀರಿಕೊಂಡರು.