ಗಂಟಜ್ಜಿ ಕಾಯುವ ನೀಲಿ ಅಂಗಿ

ಸ್ನಾನಘಟ್ಟಕ್ಕೆ ಮೊದಲ ಭಕ್ತರು ಬರುವ ಮುಂಚೆಯೇ ಗಂಟಜ್ಜಿ ಒಂದು ಹಳೆಯ ಬಟ್ಟೆಗಂಟು ಬಿಚ್ಚಿ, ಒಳಗಿನ ನೀಲಿ ಅಂಗಿಯನ್ನು ಕೊಡವಿ, ಮಡಿಸಿ, ಮತ್ತೆ ಕಟ್ಟಿಡುತ್ತಾಳೆ. ಜ್ವರ ಬಂದ ದಿನವೂ ಇದು ತಪ್ಪಿದ್ದಿಲ್ಲ. ನದಿಯಲ್ಲಿ ಮೀಯಲು ಇಳಿಯುವವರ ಬಟ್ಟೆ, ಚಪ್ಪಲಿ, ಕನ್ನಡಕಗಳನ್ನು ಕಾಯುವುದು ಅವಳ ಕೆಲಸ. ಚೀಟಿಯಿಲ್ಲ, ನಂಬರಿಲ್ಲ, ಪರಸ್ಪರ ಮುಖ ನೋಡಿಕೊಂಡರೆ ಸಾಕು. ನೂರು ಜನ ಒದ್ದೆ ತಲೆಯಲ್ಲಿ ಒಟ್ಟಿಗೆ ಮೇಲೆ ಬಂದರೂ ಒಬ್ಬರ ಪಂಚೆ ಇನ್ನೊಬ್ಬರಿಗೆ ಹೋಗುವುದಿಲ್ಲ. "ರಾಯರೇ, ಹಲ್ಲಿನ ಸೆಟ್ಟು ಇಲ್ಲೇ ಬಿಟ್ರಿ, ಮಂತ್ರ ಹೇಗೆ ಹೇಳ್ತೀರಿ?" ಎಂದು ನೀರಿನ ತನಕ ಕೇಳುವಂತೆ ಕೂಗುತ್ತಾಳೆ. ಮುಳುಗಲು ಹೆದರುವ ಹೊಸ ಸೊಸೆಗೆ, "ಮೂಗು ಹಿಡ್ಕೋ ತಾಯಿ, ಅತ್ತೆ ಎದುರು ನಿಂತಷ್ಟೇನೂ ಕಷ್ಟ ಇಲ್ಲ" ಎಂದು ಧೈರ್ಯ ಹೇಳುತ್ತಾಳೆ. ಇಷ್ಟು ಜನರ ಸ್ನಾನಕ್ಕೆ ಕಾವಲಿರುವವಳು ದೀಪೋತ್ಸವದ ಸಂಜೆ ಮಾತ್ರ ತಾನು ನೀರಿಗಿಳಿಯುವುದಿಲ್ಲ. ಈ ಸಲ ಹಣತೆಗಳು ತೇಲತೊಡಗಿದಾಗ, ಅವಳ ಪಕ್ಕ ಕೂತಿದ್ದ ನಾನು ಆ ನೀಲಿ ಅಂಗಿ ಯಾರದೆಂದು ಕೇಳಿದೆ. ಹನ್ನೊಂದು ವರ್ಷದ ಹಿಂದೆ ಇದೇ ಸಂಜೆ ಯಾರೋ ಒಬ್ಬರು ಅದನ್ನು ಅವಳ ಕೈಗೆ ಕೊಟ್ಟು ಇಳಿದಿದ್ದರಂತೆ. ಅವರು ಮೇಲೆ ಬರಲಿಲ್ಲ, ಹುಡುಕಿದವರಿಗೆ ಸಿಗಲಿಲ್ಲ, ಕೇಳಿಕೊಂಡು ಮನೆಯವರೂ ಬರಲಿಲ್ಲ. "'ನೋಡ್ಕೊಂಡಿರಕ್ಕಾ, ಈಗ ಬಂದೆ' ಅಂದಿದ್ರು" ಎಂದಳು. ನನಗೆ ತಡೆಯಲಾಗಲಿಲ್ಲ. "ಅಜ್ಜಿ, ನೀವೂ ಒಂದು ದೀಪ ಬಿಟ್ಟು, ಮುಳುಗು ಹಾಕಿ ಬನ್ನಿ. ಗಂಟುಗಳನ್ನೆಲ್ಲ ನಾನು ನೋಡ್ಕೋತೀನಿ" ಎಂದೆ. ಅವಳು ಆ ಗಂಟನ್ನು ಮಡಿಲಿಗೆ ಎಳೆದುಕೊಂಡಳು. "ಬೇಡಮ್ಮಾ. ಅವರು ಮೇಲೆ ಬಂದ್ರೆ ನನ್ನ ಮುಖ ಹುಡುಕ್ತಾರೆ."