ಹಂಪಣ್ಣನ ಧೋತರಕ್ಕೆ ತಹಸೀನ್ ಹಚ್ಚಿದ ಬೆಂಕಿ

ಕಲ್ಲೂರಿನಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಮೊಹರಂನ ಕತ್ತಲ ರಾತ್ರಿ ಮುಗಿದಿದೆ. ಮಸೂತಿಯ ಮುಂದೆ ತೋಡಿದ ಅಲಾಯಿ ಕುಣಿಯಲ್ಲಿ ರಾತ್ರಿಯಿಡೀ ಉರಿದ ಜಾಲಿ ಕೊರಡುಗಳು ಕುಸಿದು, ಕುಣಿಯ ತುಂಬ ಕೆಂಡ ಹರಡಿಕೊಂಡಿದೆ. ಇನ್ನು ಸ್ವಲ್ಪ ಹೊತ್ತಿಗೆ ಹರಕೆ ಹೊತ್ತವರು ಇದರ ಮೇಲೆ ಬರಿಗಾಲಲ್ಲಿ ಹಾಯುತ್ತಾರೆ. ಹಲಗೆ ಬಾರಿಸುವವರು ಒಂದು ಮೂಲೆಯಲ್ಲಿ ಚಹಾ ಕುಡಿಯುತ್ತಿದ್ದಾರೆ. ಹೆಂಗಸರ ಸಾಲಿನ ಮುಂದೆ, ಬುರ್ಖಾದ ತೋಳು ಮೇಲೇರಿಸಿಕೊಂಡು ಕುಕ್ಕುರುಗಾಲಲ್ಲಿ ಕುಳಿತ ತಹಸೀನ್, ಮೊಬೈಲನ್ನು ನೆಲಕ್ಕೆ ತಾಗುವಂತೆ ಹಿಡಿದು ಫೋಟೋ ತೆಗೆಯುತ್ತಿದ್ದಾರೆ.

"ಉರಿ ಎಲ್ಲೀನೂ ಇಲ್ಲ ನೋಡ್ರಿ," ಎನ್ನುತ್ತಾರೆ. "ಬರೇ ಕೆಂಪು ಬೆಳಕು. ಅದೂ ಮೊಣಕಾಲ ತನಕ ಅಷ್ಟ, ಮುಖಕ್ಕ ಬರೂದಿಲ್ಲ. ಇಷ್ಟು ವರ್ಷದಿಂದ ಬೆಂಕಿ ಮಾಡಾಕತ್ತೀನಿ, ಇದನ್ನ ಒಮ್ಮೆನೂ ಕುಂತು ನೋಡಿಲ್ಲ. ಹೇಳಾಕ ನಾಚಿಕಿ ಬರ್ತದ."

ಕೈ ಮೊಬೈಲಿನಲ್ಲಿದ್ದರೂ ಕಣ್ಣು ಮಾತ್ರ ಮಸೂತಿಯ ಪಕ್ಕದ ಓಣಿಯ ಕಡೆಗೇ ಇದೆ. ಹಂಪಣ್ಣ ಬರುತ್ತಾರೋ ಇಲ್ಲವೋ ಎಂಬುದೊಂದೇ ಅವರ ಚಿಂತೆ. ತಂದೆಯ ಕಾಲದಿಂದ ಈ ಕೆಂಡ ಹಾಯುತ್ತ ಬಂದ ಮನೆತನದ ಹಿರಿಯ ಹಂಪಣ್ಣ, ಹೋದ ವರ್ಷ ಕುಣಿಯ ಹತ್ತಿರವೂ ಸುಳಿಯಲಿಲ್ಲ. ಅದಕ್ಕೆ ತಾನೇ ಕಾರಣ ಎಂದು ತಹಸೀನ್ ಯಾರೂ ಕೇಳದಿದ್ದರೂ ಹೇಳಿಕೊಳ್ಳುತ್ತಾರೆ.

ತಹಸೀನ್ ಅವರ ಕಸುಬು ಬೆಂಕಿ. ಕಂಪ್ಯೂಟರಿನಲ್ಲಿ ಫೋಟೋಗಳಿಗೆ ಬೆಂಕಿ ಹಚ್ಚುವುದು. ಮಾನ್ವಿ ಬಸ್ ನಿಲ್ದಾಣದ ಎದುರಿನ ಸಾಲಿನಲ್ಲಿ ಗಂಡ ಸೊಹೇಲ್ ಅವರದೊಂದು ಫ್ಲೆಕ್ಸ್ ಅಂಗಡಿ ಇದೆ. ಮುಂದೆ ಟೇಬಲ್ಲು, ಅದರ ಹಿಂದೊಂದು ಹಸಿರು ಪರದೆ, ಪರದೆಯ ಹಿಂದೆ ಕಂಪ್ಯೂಟರ್. ಟೇಬಲ್ಲಿನ ಮುಂದೆ ಕುಳಿತು ಆರ್ಡರ್ ತೆಗೆದುಕೊಳ್ಳುವವರು ಸೊಹೇಲ್. ಮನೆಯಲ್ಲಿ ರೊಟ್ಟಿ ಬಡಿದು, ಮಕ್ಕಳನ್ನು ಶಾಲೆಗೆ ಕಳಿಸಿ ಬಂದು, ಪರದೆಯ ಹಿಂದೆ ಸಂಜೆಯವರೆಗೂ ಮೌಸ್ ಹಿಡಿದು ಕೂರುವವರು ತಹಸೀನ್. ಆದರೆ ಮಾನ್ವಿಯಲ್ಲೂ ದೇವದುರ್ಗದಲ್ಲೂ ಜನ ಹೇಳುವುದು 'ಸೊಹೇಲನ ಬೆಂಕಿ' ಎಂದೇ.

ಈ ಕಡೆಯ ಬ್ಯಾನರುಗಳನ್ನು ನೋಡಿದವರಿಗೆ ಬೆಂಕಿಗೆ ಎಷ್ಟು ಗಿರಾಕಿಯೆಂದು ಹೇಳಬೇಕಿಲ್ಲ. ಹುಟ್ಟುಹಬ್ಬದವನ ಹಿಂದೆ ಬೆಂಕಿ, ಸಂಘದ ಅಧ್ಯಕ್ಷನಾದವನ ಹಿಂದೆ ಬೆಂಕಿ. ಕೈ ಮುಗಿದು ಹಲ್ಲು ಕಿರಿದು ನಿಂತವನ ಬೆನ್ನಿಗೆ ಕಾಡ್ಗಿಚ್ಚು. ಎರಡು ತಾಲ್ಲೂಕುಗಳಲ್ಲಿ ಇಷ್ಟೊಂದು ಮಂದಿ ವರ್ಷವಿಡೀ ಹೊತ್ತಿ ಉರಿಯುತ್ತಿದ್ದರೂ ಅಗ್ನಿಶಾಮಕ ದಳದವರು ಇತ್ತ ತಲೆ ಹಾಕಿದ್ದಿಲ್ಲ. ಮಾಮೂಲಿ ದಿನಕ್ಕೆ ಐದಾರು ಬ್ಯಾನರು, ಹಬ್ಬ ಚುನಾವಣೆ ಬಂದರೆ ಅದರ ಮೂರು ಪಟ್ಟು. ಬೇಸಿಗೆಯಲ್ಲಿ ಕರೆಂಟು ಹೋದಾಗ ಪರದೆಯ ಹಿಂದೆ ಕೂರುವುದೇ ಒಂದು ಶಿಕ್ಷೆ. ಕಣ್ಣಿನ ಉರಿ ರಾತ್ರಿ ಮಲಗಿದರೂ ಹೋಗುವುದಿಲ್ಲ.

ತಹಸೀನ್ ಅವರ ತವರು ರಾಯಚೂರು. ತಂದೆ ಮೀರಾಹುಸೇನರು ಮದುವೆಗಳ ಫೋಟೋ ತೆಗೆಯುತ್ತಿದ್ದವರು. ಅವರು ಊಟಕ್ಕೆ ಎದ್ದಾಗ ಮಗಳು ಕಂಪ್ಯೂಟರ್ ಮುಂದೆ ಕೂರುತ್ತಿದ್ದಳು. ಮದುಮಗಳ ಹಿಂದಿನ ಶಾಮಿಯಾನ ತೆಗೆದು ಹೂದೋಟ ಹಾಕುವುದನ್ನು ಕಲಿತದ್ದು ಹಾಗೆ. ಬೆಂಕಿ ಮಾತ್ರ ಮಾನ್ವಿಗೆ ಬಂದ ಮೇಲೆ ತಾವೇ ಕಲಿತದ್ದು. ಅಂಗಡಿಯ ಹಿಂದಿನ ಅಂಗಳದಲ್ಲಿ ಕರಿ ಕಂಬಳಿ ಕಟ್ಟಿ, ಅದರ ಮುಂದೆ ಹತ್ತಿಕಟ್ಟಿಗೆಗೆ ಬೆಂಕಿ ಇಟ್ಟು, ಮುಸ್ಸಂಜೆಯಲ್ಲಿ ಫೋಟೋ ತೆಗೆದುಕೊಂಡರು. ಆ ಫೋಟೋವನ್ನು ಇನ್ನೊಂದರ ಮೇಲೆ ಇಟ್ಟು 'ಸ್ಕ್ರೀನ್' ಎಂಬ ಒಂದು ಗುಂಡಿ ಒತ್ತಿದರೆ ಕಪ್ಪೆಲ್ಲ ಮಾಯವಾಗಿ ಉರಿಯಷ್ಟೇ ಉಳಿಯುತ್ತದೆ.

"ಬರೇ ಅಂಟಿಸಿದ್ರ ಅದು ಚೆಂಡುಹೂವಿನಂಗ ಕಾಣ್ತದರೀ," ಎನ್ನುತ್ತಾರೆ ತಹಸೀನ್. "ಬೆಂಕಿ ಅಂದಮ್ಯಾಲ ಅದರ ಬೆಳಕು ಮನಷ್ಯಾನ ಗಲ್ಲದ ಮ್ಯಾಲ ಬೀಳಬೇಕು, ಕಣ್ಣಾಗ ಹೊಳೀಬೇಕು. ಬಾಜೂಕಿನ ಗಾಳಿ ಅಲುಗಾಡಬೇಕು. ಅರಿವಿ ಅಂಚು ಒಂದಿಷ್ಟರ ಸುಡಬೇಕು. ಆಗ ನೋಡಿದವರು ನಂಬ್ತಾರ."

ಈ ಸುಟ್ಟ ಅಂಚು ಅವರ ಕೈಚಳಕ. ದೇವದುರ್ಗದ ಯುವಕ ಸಂಘದ ಅಧ್ಯಕ್ಷ ಮಲ್ಲೇಶನ ಹುಟ್ಟುಹಬ್ಬಕ್ಕೆ ಮೊದಲ ಸಲ ಹೀಗೆ ಮಾಡಿದ್ದರು. ಹೆಗಲ ಮೇಲಿನ ಶಾಲಿನ ತುದಿ ಕರಕಾಗಿ, ಅಲ್ಲಿಂದ ಸಣ್ಣಗೆ ಉರಿ ಎದ್ದು, ಕಿಡಿ ಹಾರುತ್ತಿತ್ತು. ದೇವದುರ್ಗದಲ್ಲಿ ಜನ ಆ ಬ್ಯಾನರಿನ ಮುಂದೆ ನಿಂತು ಸೆಲ್ಫಿ ತೆಗೆಸಿಕೊಂಡರಂತೆ. ಅಂದಿನಿಂದ ಬಂದವರೆಲ್ಲ ಅದನ್ನೇ ಕೇಳತೊಡಗಿದರು. ಕೊನೆಗೆ ಯಾರೂ ಕೇಳುವ ಅಗತ್ಯವೂ ಇಲ್ಲದೆ, ಬಟ್ಟೆ ಕಂಡಲ್ಲಿ ತಹಸೀನ್ ಅವರ ಕೈ ತಾನಾಗಿಯೇ ಅಂಚು ಸುಡತೊಡಗಿತು.

ಹೋದ ವರ್ಷ ಕಲ್ಲೂರಿನ ಕೆಲವರು ಮೊಹರಂ ಬ್ಯಾನರು ಮಾಡಿಸಲು ಬಂದರು. ಕೈಯಲ್ಲಿ ಹಂಪಣ್ಣ ಕೆಂಡ ಹಾಯುತ್ತಿರುವ ಒಂದು ಮೊಬೈಲ್ ಫೋಟೋ ಇತ್ತು. ಹಣೆತುಂಬ ವಿಭೂತಿ, ಕೈಯಲ್ಲಿ ಪೀರ ದೇವರ ಹಸ್ತದಾಕಾರದ ಪಂಜಾ, ಬಿಳಿ ಧೋತರ. ದೂರದಿಂದ ತೆಗೆದದ್ದರಿಂದ ಕೆಂಡ ಬೂದಿಗುಡ್ಡೆಯ ಹಾಗೆ ಕಾಣುತ್ತಿತ್ತು. "ಬೆಂಕಿ ಜೋರ್ ಇರ್ಲಿ" ಎಂದು ಹೇಳಿ ಹೋದರು. ತಹಸೀನ್ ಮನಸ್ಸಿಟ್ಟು ಕೆಲಸ ಮಾಡಿದರು. ಸೊಂಟದೆತ್ತರಕ್ಕೆ ಉರಿ ಎಬ್ಬಿಸಿದರು, ಮುಖಕ್ಕೆ ಕೆಂಪು ಕೊಟ್ಟರು, ಕಿಡಿ ಹಾರಿಸಿದರು. ಧೋತರದ ಅಂಚನ್ನೂ ಸುಟ್ಟರು. ಫೈಲು ರಾಯಚೂರಿಗೆ ಹೋಯಿತು, ಅಲ್ಲಿ ಪ್ರಿಂಟಾಗಿ ಸುರುಳಿ ಸುತ್ತಿಕೊಂಡು ಬಸ್ಸಿನಲ್ಲಿ ಬಂತು, ಬಂದದ್ದು ಬಂದಂತೆ ಕಲ್ಲೂರಿನ ಬಸ್ ನಿಲ್ದಾಣದಲ್ಲಿ ಕಟ್ಟಿದ್ದಾಯಿತು.

ನಡೆ ನುಡಿ ನೆಟ್ಟಗಿದ್ದವರಿಗೆ ಅಲಾಯಿ ಕೆಂಡ ತಾಕುವುದಿಲ್ಲ, ಎಲ್ಲೋ ತಪ್ಪಿದವರಿಗೆ ಮಾತ್ರ ಸುಡುತ್ತದೆ ಎಂಬುದು ಕಲ್ಲೂರಿನವರ ನಂಬಿಕೆ. ಇದು ಆ ಸೀಮೆಯ ಮಕ್ಕಳಿಗೂ ಗೊತ್ತು. ಹಾಗಾಗಿ ಬಸ್ಸಿಗೆ ನಿಂತ ಊರ ಜನ ತಲೆ ಎತ್ತಿ ನೋಡಿದಾಗ ಅವರಿಗೆ ಕಂಡದ್ದು ಬೆಂಕಿಯ ಚಂದವಲ್ಲ, ಹಂಪಣ್ಣನ ಸುಟ್ಟ ಧೋತರ. ಮೊದಲು ಚಹಾದಂಗಡಿಯಲ್ಲಿ ನಗೆಯಾಯಿತು. "ಏನ್ ಹಂಪಣ್ಣ, ಎಲ್ಲಿ ಕಾಲು ಜಾರಿತು?" ಎಂದರು. ಎರಡು ದಿನಕ್ಕೆ ನಗೆ ಹೋಗಿ ಗುಸುಗುಸು ಶುರುವಾಯಿತು.

"ನಂಬಿಕಿ ನನಗೂ ಗೊತ್ತಿತ್ತರೀ," ಎಂದು ತಹಸೀನ್ ತಲೆ ತಗ್ಗಿಸುತ್ತಾರೆ. "ಗೊತ್ತಿದ್ದೂ ಧ್ಯಾನ ಇರಲಿಲ್ಲ. ದೇವದುರ್ಗದ ಶಾಲೂ ಒಂದ, ದೇವರು ಹೊತ್ತವರ ಧೋತರಾನೂ ಒಂದ ಅಂತ ಮಾಡಿಬಿಟ್ಟೆ."

ಆದರೆ ಅವರನ್ನು ಒಳಗೊಳಗೇ ತಿನ್ನುತ್ತಿರುವುದು ಈ ತಪ್ಪಿಗಿಂತ ಅದಾದ ಕೆಲವು ದಿನಗಳ ಮೇಲಿನ ಒಂದು ಮಧ್ಯಾಹ್ನ. ಹಂಪಣ್ಣನವರ ಹೆಂಡತಿ ಬಸವಂತಮ್ಮ ಕಲ್ಲೂರಿನಿಂದ ಒಬ್ಬರೇ ಬಸ್ ಹತ್ತಿ ಅಂಗಡಿಗೆ ಬಂದಿದ್ದರು. "ನನ್ನ ಗಂಡನ ಧೋತರಕ್ಕ ಬೆಂಕಿ ಹಚ್ಚಿದವರು ಯಾರು?" ಎಂದು ಕೇಳಿದರು. ಸೊಹೇಲ್ ಎದ್ದು ನಿಂತು "ನಾನ ರೀ ಯವ್ವಾ, ತಪ್ಪಾತು" ಎಂದರು. "ಇಷ್ಟು ವರ್ಷ ಕೆಂಡ ಹಾದಾರ, ಒಂದು ಕಿಡಿ ತಾಕಿಲ್ಲ. ನೀವು ಇಲ್ಲಿ ಕುಂತಲ್ಲೇ ಅವರನ್ನ ಸುಟ್ಟುಬಿಟ್ಟಿರಿ," ಎಂದು ಆ ತಾಯಿ ಬಾಯಿ ಮಾಡಿದರು, ಅತ್ತರು. ಪರದೆಯ ಹಿಂದೆ ತಹಸೀನ್ ಉಸಿರು ಬಿಗಿಹಿಡಿದು ಕುಳಿತಿದ್ದರು. ಎದ್ದು ಹೊರಗೆ ಬರಲಿಲ್ಲ.

"ನಾ ಮಾಡಿದ್ದು ಯಾರಿಗೂ ಗೊತ್ತಾಗೂದಿಲ್ಲ ಅಂತ ಯಾವಾಗಲೂ ಮನಸಿನ್ಯಾಗ ಸಂಕಟ ಇತ್ತು," ಎನ್ನುತ್ತಾರೆ. "ಅವತ್ತು ಮಾತ್ರ ಗೊತ್ತಿಲ್ಲದ್ದ ಚಲೋ ಆತು ಅನಿಸ್ತು. ಹೊಗಳಿಕಿ ನನಗ ಬೇಕು, ಬೈಗಳ ಗಂಡ ತಿನ್ನಬೇಕು. ಅದೆಂಥಾ ಹೆಣ್ಮಗಳು ನಾನು?"

ಸೊಹೇಲ್ ಅದೇ ದಿನ ಹೋಗಿ ಬ್ಯಾನರು ಇಳಿಸಿದರು. ಅಷ್ಟರಲ್ಲಿ ಅದರ ಫೋಟೋ ಊರಿನ ಮೊಬೈಲುಗಳಲ್ಲೆಲ್ಲ ಓಡಾಡಿತ್ತು. ಕೆಂಡ ಹಾಯುವ ಬೆಳಿಗ್ಗೆ ಹಂಪಣ್ಣ ಕಾಲುನೋವೆಂದು ಹೇಳಿ ಮನೆಯಲ್ಲೇ ಉಳಿದರು. ಪಂಜಾ ಬೇರೆಯವರ ಕೈಗೆ ಹೋಯಿತು.

ವರ್ಷ ಕಳೆದು ಮತ್ತೆ ಮೊಹರಂ ಹತ್ತಿರ ಬಂದಾಗ ತಹಸೀನ್‌ಗೆ ತಡೆಯಲಾಗಲಿಲ್ಲ. ಹಬ್ಬದ ತಿಂಗಳ ಚಂದ್ರ ಕಾಣುವ ಮೊದಲೇ, ಗಂಡನನ್ನೂ ಕರೆದುಕೊಳ್ಳದೆ ಕಲ್ಲೂರಿಗೆ ಹೋದರು. ಹಂಪಣ್ಣ ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತ ಕುಳಿತಿದ್ದರು. "ಯಪ್ಪಾ, ನಿಮ್ಮ ಧೋತರ ಸುಟ್ಟಾಕಿ ನಾನು. ನನ್ನ ಗಂಡ ಅಲ್ಲ," ಎಂದು ನಿಂತಲ್ಲೇ ಹೇಳಿಬಿಟ್ಟರು.

ಒಳಗಿನಿಂದ ಬಸವಂತಮ್ಮ ಬಂದರು. "ನನಗ ಗೊತ್ತದ ಬಿಡು," ಎಂದರು. "ಅವತ್ತ ಪರದೆ ಕೆಳಗ ಚೈನು ಹಾಕಿದ ಎರಡು ಕಾಲು ಕಂಡಿದ್ವು. ಎದ್ದು ಬರ್ತಿಯೇನೋ ಅಂತ ನೋಡಿದೆ. ಬರಲಿಲ್ಲ. ಇವತ್ತ ಬಂದಿ." ಭೂಮಿ ಬಾಯಿ ಬಿಟ್ಟಿದ್ದರೆ ಒಳಗೆ ಇಳಿದುಬಿಡುತ್ತಿದ್ದೆ ಎಂದು ತಹಸೀನ್ ಈಗಲೂ ಹೇಳುತ್ತಾರೆ.

ಹಂಪಣ್ಣ ಹೇಳಿದ ಮಾತು ಇನ್ನೂ ಕಷ್ಟದ್ದು. "ನಾ ಬ್ಯಾರೆ ತಿಳ್ಕೊಂಡಿದ್ದೆ ಯವ್ವಾ. ಸುಟ್ಟದ್ದು ಕಾಣಾಕತ್ತದ ಅಂದ್ರ ಎಲ್ಲೋ ನಂದ ತಪ್ಪಿರಬೇಕು ಅಂದ್ಕೊಂಡೆ. ಈಕಿ ಧೋತರ ತೆಗೆದು ತೋರಿಸಿದ್ಲು, ಅಂಚು ಸುಟ್ಟಿಲ್ಲ ನೋಡ್ರಿ, ಅದು ಅಂಗಡ್ಯಾಗ ಮಾಡಿದ್ದು ಅಂದ್ಲು. ನನ್ನ ಸಮಾಧಾನಕ್ಕ ಹೇಳ್ತಾಳ ಅಂತ ನಂಬಲಿಲ್ಲ. ಧೋತರದಾಗ ಕಾಣದ್ದನ್ನ ದೇವರು ಫೋಟೋದಾಗ ತೋರಿಸ್ಯಾನ ಅಂದೆ. ವರ್ಷ ಆತು, ಆ ತಪ್ಪು ಹುಡುಕಾಕತ್ತೀನಿ."

"ಸಿಕ್ಕಿತೇನ್ರಿ ಯಪ್ಪಾ?" ಎಂದು ತಹಸೀನ್ ಕೇಳಿದರಂತೆ. ಸಿಕ್ಕಿದ್ದವು, ಸಣ್ಣಪುಟ್ಟವು. ಒಮ್ಮೆ ತಮ್ಮ ಸರದಿ ಮುಗಿದ ಮೇಲೂ ಕಾಲುವೆಯ ನೀರನ್ನು ಗದ್ದೆಗೆ ಬಿಟ್ಟುಕೊಂಡಿದ್ದರು. ಬಾಜೂ ಹೊಲದವನ ಹತ್ತಿರ ಹೋಗಿ ಅದಕ್ಕೆ ಕ್ಷಮೆ ಕೇಳಿದರೆ, ಅವನಿಗೆ ಅದು ನೆನಪೇ ಇರಲಿಲ್ಲ. ಮಾತು ಬಿಟ್ಟಿದ್ದ ತಂಗಿಯ ಮನೆಗೂ ಹೋಗಿಬಂದಿದ್ದರು. ಇಷ್ಟೆಲ್ಲ ಮಾಡಿದರೂ ಸಮಾಧಾನವಿಲ್ಲದೆ ಮತ್ತೆ ಹುಡುಕುತ್ತಲೇ ಇದ್ದರು. ತಪ್ಪಿಲ್ಲದ ಮನುಷ್ಯನೊಬ್ಬ ಒಂದು ವರ್ಷ ತನ್ನನ್ನೇ ತಾನು ಕೆದಕಿಕೊಂಡದ್ದು ತಮ್ಮ ಒಂದು ಗಳಿಗೆಯ ಕೈಚಳಕದಿಂದ ಎಂದು ತಿಳಿದಾಗ ತಹಸೀನ್‌ಗೆ ಅಳು ತಡೆಯಲಾಗಲಿಲ್ಲ.

ಮೊಬೈಲ್ ತೆಗೆದು ಎರಡು ಫೋಟೋ ತೋರಿಸಿದರು. ಒಂದು ಕಲ್ಲೂರಿನವರು ಕೊಟ್ಟದ್ದು, ಬಿಳಿ ಅಂಚಿನದು. ಇನ್ನೊಂದು ತಾವು ಸುಟ್ಟದ್ದು. ಹಂಪಣ್ಣ ಹಗ್ಗ ಕೆಳಗಿಟ್ಟು, ಬೆರಳಿನಿಂದ ಅತ್ತ ಸರಿಸಿ ಇತ್ತ ಸರಿಸಿ ಬಹಳ ಹೊತ್ತು ನೋಡಿದರು. ಕೊನೆಗೆ ಮೊಬೈಲ್ ತಿರುಗಿ ಕೊಡುತ್ತ, "ಖರೇನ ಬೆಂಕಿ ಇದ್ದಂಗ ಅದ. ಚಲೋ ಮಾಡೀದಿ ಬಿಡು," ಎಂದರು. ತಹಸೀನ್ ಅವರ ಕೆಲಸವನ್ನು ಯಾರಾದರೂ ಅವರೆದುರು ನಿಂತು ಹೊಗಳಿದ್ದು ಅದೇ ಮೊದಲು. ಆ ಹೊಗಳಿಕೆಯನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ಅವರಿಗೆ ಇವತ್ತಿಗೂ ತಿಳಿದಿಲ್ಲ. ಈ ಸಲ ಕೆಂಡ ಹಾಯುತ್ತೀರಾ ಎಂದು ಕೇಳುವ ಧೈರ್ಯ ಆಗಲಿಲ್ಲ, ಹಂಪಣ್ಣನೂ ಹೇಳಲಿಲ್ಲ.

ಕುಣಿಯ ಹತ್ತಿರ ಈಗ ಹಲಗೆ ಶುರುವಾಗಿದೆ. ಓಣಿಯಲ್ಲಿ ಜನ ಎರಡು ಸಾಲಾಗಿ ಸರಿಯುತ್ತಾರೆ. ಮೊದಲು ಬಸವಂತಮ್ಮ ಕಾಣುತ್ತಾರೆ, ಅವರ ಹಿಂದೆ ಹಣೆಗೆ ವಿಭೂತಿ ಬಳಿದುಕೊಂಡ ಹಂಪಣ್ಣ, ಒಗೆದ ಬಿಳಿ ಧೋತರದಲ್ಲಿ. ತಹಸೀನ್ ಎದ್ದು ನಿಲ್ಲುತ್ತಾರೆ. ಫೋಟೋ ತೆಗೆಯುವುದು ಮರೆತೇಹೋಗುತ್ತದೆ. ಪಂಜಾ ಕೈಗೆ ಬಂದ ಮೇಲೆ ಹಂಪಣ್ಣ ಒಮ್ಮೆ ಕಣ್ಣು ಮುಚ್ಚಿ, ತೆರೆದು, ಕೆಂಡದ ಮೇಲೆ ನಡೆದು ಆಚೆ ದಾಟುತ್ತಾರೆ. ಅವಸರವಿಲ್ಲ, ಓಟವಿಲ್ಲ.

ಪಂಜಾವನ್ನು ಬೇರೆಯವರ ಕೈಗೆ ಕೊಟ್ಟು ಅವರು ಸೀದಾ ಹೆಂಗಸರ ಸಾಲಿನ ಕಡೆ ಬರುತ್ತಾರೆ. ಧೋತರದ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಚಾಚುತ್ತಾರೆ. "ನೋಡು ಯವ್ವಾ. ಸುಟ್ಟದೇನು?"

ತಹಸೀನ್ ಬಗ್ಗಿ ನೋಡುತ್ತಾರೆ. "ಇಲ್ಲ ಯಪ್ಪಾ. ಒಂದಿಷ್ಟು ಬೂದಿ ಹತ್ತ್ಯದ ಅಷ್ಟ."

"ಬೂದಿ ಇರ್ಲಿ. ಫೋಟೋದಾಗ ಅದನ್ನೂ ಹಂಗ ಬಿಡು, ಒರೆಸಬ್ಯಾಡ," ಎಂದು ನಗುತ್ತ ಹಂಪಣ್ಣ ಹೋಗುತ್ತಾರೆ. ಆಗಷ್ಟೇ ನೆನಪಾಗಿ ತಹಸೀನ್ ಅವರ ಬೆನ್ನು ಹತ್ತಿ ಒಂದು ಫೋಟೋ ತೆಗೆಯುತ್ತಾರೆ.

ಮಸೂತಿಯ ಗೋಡೆಗೆ ಈ ವರ್ಷದ ಬ್ಯಾನರು ಕಟ್ಟಿದ್ದಾರೆ. ಹಂಪಣ್ಣನ ಅದೇ ಹಳೆಯ ಫೋಟೋ, ಧೋತರದ ಅಂಚು ಬಿಳಿ, ಉರಿ ಇಲ್ಲ. ಕೆಳಗಿನ ಮೂಲೆಯಲ್ಲಿ, ಸಾಮಾನ್ಯವಾಗಿ ಅಂಗಡಿಯ ಹೆಸರು ಇರುತ್ತಿದ್ದ ಜಾಗದಲ್ಲಿ, ಸಣ್ಣ ಅಕ್ಷರದಲ್ಲಿ 'ಚಿತ್ರ: ತಹಸೀನ್, ಮಾನ್ವಿ' ಎಂದಿದೆ. ಅಂಗಡಿ ಶುರುವಾದಾಗಿನಿಂದ ಅವರ ಹೆಸರು ಒಂದು ಬ್ಯಾನರಿನ ಮೇಲೆ ಬಂದದ್ದು ಇದೇ ಮೊದಲು. ಇನ್ನು ಮುಂದೆ ಎಲ್ಲದರ ಮೇಲೂ ಇರಬೇಕೆಂಬುದು ಅವರ ಆಸೆ.

"ನನ್ನ ಗಂಡನೂ ಕೇಳಿದ್ರು, ಈಗ ಹೆಸರು ಬೇಕಾತೇನು ಅಂತ," ಎನ್ನುತ್ತಾರೆ, ಬುರ್ಖಾಕ್ಕೆ ಹತ್ತಿದ ಬೂದಿ ಕೊಡವಿಕೊಳ್ಳುತ್ತ. "ಹೊಗಳ್ಲಿ ಅಂತ ಹಾಕಿಲ್ಲರೀ. ನಾಳೆ ಮತ್ತೆಲ್ಲರ ನನ್ನ ಕೈ ತಪ್ಪಿದ್ರ, ಬೈಯಾಕ ಬಂದ ಯವ್ವ ಪರದೆ ಕೆಳಗ ನನ್ನ ಕಾಲು ಹುಡುಕಬಾರದು."